ಪುಟ್ಟನಿಗೆ ಸಿಕ್ಕ ಮೇಜು

ಪುಟ್ಟ ಇನ್ನಿಲ್ಲವೆಂಬ ಸುದ್ದಿ ನಮಗೆ ತಿಳಿದದ್ದು ಒಂದು ಮಂಗಳವಾರ ಬೆಳಿಗ್ಗೆ. ನನ್ನ ಹೆಂಡತಿ ಕಿಟಕಿಯ ಬೆಳಕಿಗೆ ಕುಳಿತು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನಾನು ಪ್ರಾರ್ಥನೆ ಮುಗಿಸಿ ಆಗಷ್ಟೇ ಎದ್ದಿದ್ದೆ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೇಸ್ತ್ರಿಗಳು ನಿಂತಿದ್ದರು. ವಾಯುನೆಲೆಯೊಳಗೆ ಪ್ಯಾರಾಚೂಟುಗಳನ್ನು ಮಡಿಸಿ ಕಟ್ಟುವ ದೊಡ್ಡ ಹಾಲಿಗೆ ಅವರೇ ಮೇಲ್ವಿಚಾರಕರು. ಪುಟ್ಟ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

"ಅಮ್ಮಾ, ಸ್ವಲ್ಪ ಕೂತ್ಕೊಳ್ಳಿ," ಎಂದರು.

ಅವಳು ಕೂತೇ ಇದ್ದವಳು ಎದ್ದು ನಿಂತಳು. ಆ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು. ಬಾಯಿಂದ ಬಂದ ಮೊದಲ ಮಾತು, "ಕುಡಿದಿದ್ನಾ?"

"ಇಲ್ಲಮ್ಮ, ಅಂಥದ್ದೇನೂ ಇಲ್ಲ. ಹೃದಯ ನಿಂತುಹೋಗಿದೆ. ನಿದ್ದೆಯಲ್ಲೇ. ಬೆಳಿಗ್ಗೆ ಅವರ ಮೇಜು ಖಾಲಿ ಇತ್ತು. ಅದು ಖಾಲಿ ಇದ್ದದ್ದನ್ನ ನಾವು ಯಾವತ್ತೂ ನೋಡಿಲ್ಲ. ನಾಲ್ಕು ಜನ ಅವರ ಕ್ವಾರ್ಟರ್ಸ್‌ಗೆ ಓಡಿದ್ವಿ."

ಹಾಗೆ ಕೇಳಿದ್ದಕ್ಕೆ ಅವಳನ್ನು ಯಾರೂ ತಪ್ಪು ತಿಳಿಯಬಾರದು. ಪುಟ್ಟ ಅವಳ ಒಬ್ಬನೇ ತಮ್ಮ. ತಾಯಿಯಿಲ್ಲದ ಮನೆಯಲ್ಲಿ ಅವನಿಗೆ ತಲೆ ಬಾಚಿ, ಊಟ ಬಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅವಳೇ. ಮದುವೆಯಾಗಿ ನನ್ನ ಮನೆಗೆ ಬಂದಾಗ ಅವಳ ಟ್ರಂಕಿನ ಹಿಂದೆಯೇ ಅವನೂ ಬಂದ. ಐವತ್ತು ದಾಟಿ ತಲೆ ನರೆತ ಮೇಲೂ ನಮ್ಮ ಮನೆಯಲ್ಲಿ ಅವನ ಹೆಸರು ಪುಟ್ಟನೇ.

ಅವನಿಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಡೇರೆ, ಟಾರ್ಪಾಲು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿಯೇ ಕುಡಿತವನ್ನೂ ಕಲಿತ. ಮೊದಮೊದಲು ಶನಿವಾರ ಮಾತ್ರ. ಆಮೇಲೆ ವಾರದ ಎಲ್ಲ ದಿನಗಳೂ ಅವನಿಗೆ ಶನಿವಾರವಾದವು. ಬಾಟಲಿಯನ್ನು ಹೊಲಿಗೆ ಯಂತ್ರದ ಕೆಳಗಿನ ಡ್ರಾಯರಿನಲ್ಲಿ, ಮಳೆಗಾಲದ ಬೂಟಿನೊಳಗೆ, ಕೊನೆಗೆ ನನ್ನ ಪ್ರಾರ್ಥನೆಯ ಪುಸ್ತಕಗಳ ಹಿಂದೆಯೂ ಬಚ್ಚಿಟ್ಟ. "ಅಲ್ಲಿ ಯಾರೂ ಕೈ ಹಾಕಲ್ಲ ಅಂದ್ಕೊಂಡೆ ಭಾವ, ನೀವು ದಿನಾ ಓದ್ತೀರಿ ಅಂತ ಮರ್ತೇಹೋಗಿತ್ತು," ಎಂದು ಆಮೇಲೆ ನಕ್ಕ. ಆಗ ಮಾತ್ರ ನಮಗೆ ನಗು ಬಂದಿರಲಿಲ್ಲ. ಒಂದು ಸಂಜೆ ಕಾರ್ಖಾನೆಯ ಮೂರು ಚಕ್ರದ ಗಾಡಿಯನ್ನು ಗೋಡೆಗೆ ಗುದ್ದಿದ. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಕೆಲಸ ಹೋಯಿತು. ಅವನೇ ನಡೆದುಕೊಂಡು ಹೋಗಿ ಆಸ್ಪತ್ರೆ ಸೇರಿದ. ಅಲ್ಲಿಂದ ಬಂದ ಮೇಲೆ ವಾರವಾರ ಗ್ರಂಥಾಲಯದ ಹಿಂದಿನ ಕೋಣೆಯೊಂದಕ್ಕೆ ಹೋಗತೊಡಗಿದ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅವನಂಥವರೇ ಸುತ್ತಲೂ ಕುಳಿತು ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು. ಮತ್ತೆ ಅವನು ಬಾಟಲಿ ಮುಟ್ಟಲಿಲ್ಲ.

ವರ್ಷಗಳು ಕಳೆದವು. ವಾಯುನೆಲೆಯ ಹೊರಗಿನ ಶೆಡ್ಡಿನಲ್ಲಿ ಹರಿದ ಚೀಲಗಳಿಗೆ ತೇಪೆ ಹಾಕುವ ಕೆಲಸ ಸಿಕ್ಕಿತು. ಅವನ ಹೊಲಿಗೆ ನೋಡಿದ ಮೇಸ್ತ್ರಿಗಳು, "ನೀವು ಒಳಗೆ ಬರಬೇಕು, ಪ್ಯಾರಾಚೂಟ್ ಮೇಜಿಗೆ," ಎಂದರಂತೆ. ಆದರೆ ಒಳಗೆ ಹೋಗುವವರಿಗೆಲ್ಲ ಭದ್ರತಾ ಅನುಮತಿ ಬೇಕು. ಅದಕ್ಕಾಗಿ ಮನುಷ್ಯನ ಹಿಂದುಮುಂದನ್ನೆಲ್ಲ ವಿಚಾರಿಸುತ್ತಾರೆ. ಅಧಿಕಾರಿಯೊಬ್ಬರು ಮನೆಗೇ ಬರುತ್ತಾರೆ.

ಆ ಮೇಜಿನ ಮೇಲೆ ಅವನಿಗೆ ಎಷ್ಟು ಆಸೆಯಿತ್ತೆಂದರೆ, ಅದರ ಮಾತು ಬಂದಾಗ ಊಟದ ತಟ್ಟೆಯನ್ನೇ ಮರೆತುಬಿಡುತ್ತಿದ್ದ. ಕರವಸ್ತ್ರವನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿ ತೋರಿಸುತ್ತಿದ್ದ. ಬಟ್ಟೆಯನ್ನು ಉದ್ದಕ್ಕೆ ಹಾಸಬೇಕು. ದಾರಗಳನ್ನು ಒಂದಕ್ಕೊಂದು ಸಿಕ್ಕದಂತೆ ಬಿಡಿಸಬೇಕು. ಮಡಿಕೆ ಜಾರದಂತೆ ಮರಳಿನ ಪುಟ್ಟ ಚೀಲಗಳನ್ನು ಇಡಬೇಕು. ಒಂದು ಹಂತ ಮುಗಿದೊಡನೆ ಕೈ ಎತ್ತಿ ನಿಲ್ಲಬೇಕು. ಮೇಸ್ತ್ರಿ ಬಂದು ನೋಡಿ "ಸರಿ" ಎನ್ನುವ ತನಕ ಮುಂದಿನ ಮಡಿಕೆ ಮುಟ್ಟುವಂತಿಲ್ಲ.

"ಕೆಲಸ ಬರುವವನು ಯಾಕಪ್ಪಾ ಕೈ ಎತ್ತಿ ನಿಲ್ಲಬೇಕು, ಶಾಲೆ ಹುಡುಗನ ಹಾಗೆ?" ಎಂದು ಕೇಳಿದೆ.

"ಅದೇ ಭಾವ ನನಗೆ ಇಷ್ಟ ಆಗಿದ್ದು. ಕುಡೀತಿದ್ದಾಗ ಯಾರ ಕಣ್ಣಿಗೂ ಬೀಳದೆ ಇರೋದೇ ನನ್ನ ದೊಡ್ಡ ಕೆಲಸ ಆಗಿತ್ತು. ಅಲ್ಲಿ ತೋರಿಸಿಕೊಳ್ಳೋದೇ ಕೆಲಸ. 'ಬನ್ನಿ, ನೋಡಿ, ನನ್ನ ಕೈ ಇಲ್ಲಿದೆ' ಅಂತ. ಅಂಥ ಕಡೆ ನನ್ನನ್ನ ಸೇರಿಸಿಕೊಂಡ್ರೆ ನಾನು ಮನುಷ್ಯ ಆದೆ ಅಂತ ಲೆಕ್ಕ."

ಅವನ ಅಕ್ಕ ಒಳಗಿನಿಂದ, "ಈಗೇನು ಮರ ಆಗಿದ್ದೀಯಾ? ಮೊದ್ಲು ಊಟ ಮಾಡು," ಎಂದಳು. ಆದರೆ ಆ ಮಾತು ಅವಳ ಮನಸ್ಸಿಗೆ ನಾಟಿತ್ತು. ಈ ಮೇಜು ತಪ್ಪಿದರೆ ತಮ್ಮ ಒಳಗಿನಿಂದ ಮುರಿಯುತ್ತಾನೆ ಎಂಬ ಹೆದರಿಕೆ ಅವಳನ್ನು ಹಿಡಿಯಿತು.

ಅಧಿಕಾರಿ ಬರುವ ದಿನ ತಿಳಿಯಿತು. ಪುಟ್ಟ ಶೆಡ್ಡಿಗೆ ಹೋದ ಹೊತ್ತಿನಲ್ಲಿ ಅವಳು ತನ್ನ ಏರ್ಪಾಡು ಶುರುಮಾಡಿದಳು.

"ರೀ, ಅವರು ಬಂದಾಗ ನೀವು ಪ್ರಾರ್ಥನೆಗೆ ಕೂತ್ಕೊಂಡುಬಿಡಿ."

"ಅದು ನನ್ನ ಪ್ರಾರ್ಥನೆಯ ಹೊತ್ತಲ್ಲವಲ್ಲ?"

"ದೇವರಿಗೇನು ಆಫೀಸ್ ಟೈಮ್ ಇದೆಯಾ? ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ. ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ, ಗೊತ್ತು. ಅದಕ್ಕೇ ಬಾಯಿಗೆ ಬೇರೆ ಕೆಲಸ ಕೊಡ್ತಿದ್ದೀನಿ."

"ಪುಟ್ಟ ಹೀಗೆ ಮಾಡು ಅಂದನೇ?"

"ಅವನಿಗೆ ಯಾಕೆ ಹೇಳ್ಬೇಕು? ಅವನೂ ನಿಮ್ಮಂಥವನೇ."

ಅಷ್ಟಕ್ಕೇ ನಿಲ್ಲದೆ, ಕೆಳಗಿನ ಔಷಧಿ ಅಂಗಡಿಯವರ ಬಳಿಗೂ ಹೋಗಿ, ಯಾರಾದರೂ ಕೇಳಿದರೆ ನನ್ನ ತಮ್ಮ ಸೋಡಾ ಕೂಡ ಮುಟ್ಟುವವನಲ್ಲ ಎಂದು ಹೇಳಿ ಎಂದು ಕೇಳಿಕೊಂಡು ಬಂದಳು.

ಬಂದವರು ನಡುವಯಸ್ಸಿನ ಹೆಂಗಸು. ಮೊಣಕಾಲು ನೋವಿತ್ತೆಂದು ಕಾಣುತ್ತದೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡರು. ಚಹಾ ಬೇಡವೆಂದು ನೀರು ಮಾತ್ರ ಕುಡಿದರು. ನಾನು ಒಳಗಿನ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಆದರೆ ಕಿವಿ ಮುಚ್ಚುವುದು ಹೇಗೆ? ತಮ್ಮನ ಓದು, ಆರೋಗ್ಯ, ಸ್ನೇಹಿತರು, ಎಲ್ಲವನ್ನೂ ಅವರು ನಿಧಾನವಾಗಿ ಕೇಳುತ್ತಿದ್ದರು. ನನ್ನ ಹೆಂಡತಿ ನಡುವೆಯೇ, "ಮೇಡಂ, ಅವನು ಸೋಡಾ ಕೂಡ ಮುಟ್ಟಲ್ಲ," ಎಂದುಬಿಟ್ಟಳು.

ನೀರಿನ ಲೋಟ ಕೆಳಗಿಟ್ಟ ಸದ್ದಾಯಿತು.

"ಅಮ್ಮಾ, ನಾನು ಕುಡಿತದ ವಿಷಯಕ್ಕೆ ಇನ್ನೂ ಬಂದೇ ಇಲ್ಲ," ಎಂದರು ಅಧಿಕಾರಿ. "ಕೆಳಗೆ ಔಷಧಿ ಅಂಗಡಿಯವರೂ ಹೀಗೇನೇ. ಮನೆ ಯಾವುದು ಅಂತ ದಾರಿ ಕೇಳಿದೆ, ಸೋಡಾ ವಿಷಯ ಹೇಳಿದ್ರು. ನಿಮ್ಮ ಯಜಮಾನರು ಇಲ್ವಾ?"

"ಪ್ರಾರ್ಥನೆಗೆ ಕೂತಿದ್ದಾರೆ. ಒಂದು ಸಲ ಕೂತ್ರೆ ಏಳೋದು ಕಷ್ಟ."

"ಪರವಾಗಿಲ್ಲ, ಕಾಯ್ತೀನಿ. ನನ್ನ ಮೊಣಕಾಲಿಗೂ ವಿಶ್ರಾಂತಿ ಆಗುತ್ತೆ."

ಅವರು ಕಾದರು. ನನಗೆ ಬರುತ್ತಿದ್ದ ಸ್ತುತಿಗಳೆಲ್ಲ ಒಂದು ಸುತ್ತು ಮುಗಿದವು. ಎರಡನೆಯ ಸುತ್ತು ಆರಂಭಿಸಿದೆ. ಹೊರಗೆ ಒಬ್ಬರು ನೋಯುವ ಕಾಲು ನೀವಿಕೊಳ್ಳುತ್ತಾ ಕಾದಿರುವಾಗ, ಅವರಿಂದ ತಪ್ಪಿಸಿಕೊಳ್ಳಲು ದೇವರ ಹೆಸರು ಹಿಡಿಯುವುದು ನನಗೆ ಆಗಲಿಲ್ಲ. ಎದ್ದು ಬಂದೆ.

ಅವರು ಕೇಳಿದರು, ನಾನು ಹೇಳಿದೆ. "ಕುಡೀತಿದ್ದ, ತುಂಬಾ ಕುಡೀತಿದ್ದ. ಆಸ್ಪತ್ರೆ ಸೇರಿ ಬಿಟ್ಟ. ಬಿಟ್ಟು ವರ್ಷಗಳಾದವು. ಈಗಲೂ ವಾರಕ್ಕೊಮ್ಮೆ ಗ್ರಂಥಾಲಯದ ಹಿಂದಿನ ಕೋಣೆಗೆ ಹೋಗಿ ಕೂತು ಬರ್ತಾನೆ."

ನನ್ನ ಹೆಂಡತಿ ನನ್ನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ.

ಅಧಿಕಾರಿ ಅವಳ ಕಡೆ ತಿರುಗಿ ಮೆತ್ತಗೆ ಹೇಳಿದರು. "ನೋಡಿ ಅಮ್ಮ, ಒಬ್ಬ ಮನುಷ್ಯ ಹಿಂದೆ ಕುಡೀತಿದ್ದ ಅನ್ನೋದರಿಂದಲೇ ನಾವು ಬಾಗಿಲು ಹಾಕಲ್ಲ. ಬಿಟ್ಟು ಎಷ್ಟು ಕಾಲ ಆಯ್ತು, ಚಿಕಿತ್ಸೆ ತಗೊಂಡ್ರಾ, ಈಗ ಹೇಗಿದ್ದಾರೆ, ಇದನ್ನೆಲ್ಲ ನೋಡ್ತೀವಿ. ಆದ್ರೆ ಅದನ್ನ ಮುಚ್ಚಿಟ್ರೆ ಕಷ್ಟ. ಮುಚ್ಚಿಟ್ಟ ವಿಷಯ ಇರೋನನ್ನ ಯಾರು ಬೇಕಾದ್ರೂ ಹೆದರಿಸಿ ಕೆಲಸ ಮಾಡಿಸಿಕೊಳ್ಳಬಹುದು. ಅದಕ್ಕೇ ಒಂದು ಮಾತು ಕೇಳ್ತೀನಿ. ಹೀಗೆ ಹೇಳಿ ಅಂತ ನಿಮಗೆ ಹೇಳಿಕೊಟ್ಟಿದ್ದು ನಿಮ್ಮ ತಮ್ಮನಾ?"

ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ಅವಳು ಖಾಲಿ ಲೋಟ ಎತ್ತಿಕೊಳ್ಳಲು ಬಗ್ಗಿದಳು. ನಾನು, "ಇಲ್ಲ, ಅವನಿಗೆ ಇದು ಗೊತ್ತೇ ಇಲ್ಲ," ಎಂದೆ. "ನಾನು ಇವರನ್ನ ಕೇಳಿದ್ದು," ಎಂದರು ಅಧಿಕಾರಿ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಿದ್ದಳು.

"ಒಂದು ಮನೇಲಿ ಎರಡು ಉತ್ತರ ಸಿಕ್ತು. ಇದು ಸರಿಹೋಗೋ ತನಕ ಮುಂದೆ ಹೋಗೋಕಾಗಲ್ಲ," ಎಂದು ಹೇಳಿ, ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದರು.

ಆಮೇಲೆ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ನನ್ನ ಮುಂದೆ ತಟ್ಟೆ ಕುಕ್ಕಿದಳು. "ತಿನ್ನಿ. ನನ್ನ ತಮ್ಮನ ಕೆಲಸ ತಿಂದದ್ದು ಸಾಲದಿದ್ರೆ ಇದನ್ನೂ ತಿನ್ನಿ."

ಸಂಜೆ ಪುಟ್ಟ ಬಂದ. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ, "ಏನ್ ಭಾವ, ಕೋರ್ಟ್ ಹೇಗೆ ನಡೀತು? ನನ್ನ ಮಾನ ಎಷ್ಟು ಉಳಿಸಿದ್ರಿ?" ಎಂದು ನಗುತ್ತಿದ್ದ. ನಡೆದದ್ದನ್ನು ಕೇಳುತ್ತ ಹೋದಂತೆ ಅವನ ಮುಖದ ನಗು ಆರಿತು.

"ಅಕ್ಕ, ನಾನು ಮೊದಲ ದಿನವೇ ಎಲ್ಲಾ ಹೇಳಿದ್ದೀನಿ. ಗಾಡಿ ಗುದ್ದಿದ್ದು, ಕೆಲಸ ಹೋಗಿದ್ದು, ಆಸ್ಪತ್ರೆ, ಒಂದನ್ನೂ ಬಿಟ್ಟಿಲ್ಲ. ಈಗ ಅವರು ಏನಂದ್ಕೋತಾರೆ? ಅಲ್ಲಿ ಸಾಚಾ ಥರ ಮಾತಾಡಿ ಮನೇಲಿ ಸುಳ್ಳು ಹೇಳಿಕೊಟ್ಟಿದ್ದಾನೆ ಅಂತ."

ಅವಳು ಏನೋ ಹೇಳಹೋದಳು. ಅವನು ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೊರಟುಹೋದ.

ನಾವಿಬ್ಬರೂ ಕಿಟಕಿಯ ಬಳಿ ನಿಂತೆವು. ನಮ್ಮ ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಮದ್ಯದಂಗಡಿ, ಬಲಕ್ಕೆ ಗ್ರಂಥಾಲಯ. ತಿರುವಿನಲ್ಲಿ ಸರಕಿನ ಲಾರಿಯೊಂದು ಅಡ್ಡ ನಿಂತಿತ್ತು. ಅವನು ಯಾವ ಕಡೆ ತಿರುಗಿದನೆಂದು ಕಾಣಲಿಲ್ಲ. ಅವಳು ನನ್ನ ತೋಳು ಹಿಡಿದುಕೊಂಡಳು. ಮುನಿಸೆಲ್ಲ ಎಲ್ಲಿ ಹೋಯಿತೋ! "ರೀ, ಈಗ ಪ್ರಾರ್ಥನೆ ಮಾಡ್ರಿ," ಎಂದಳು. ನಾನು ಆಗಲೇ ಮಾಡುತ್ತಿದ್ದೆ.

ಊಟದ ಹೊತ್ತಿಗೆ ಅವನು ಬಂದ. ಅವಳು ಬಾಗಿಲಲ್ಲೇ ಅವನ ಮುಖದ ಹತ್ತಿರ ಮುಖ ತಂದಳು. ಅವನು ಬಾಯಿ ಅಗಲಿಸಿ ಉಸಿರು ಬಿಟ್ಟ. "ಮೂಸಿ ನೋಡು. ಗ್ರಂಥಾಲಯದ ಚಹಾ. ಅದಕ್ಕಿಂತ ಸಾರಾಯಿನೇ ರುಚಿ, ಆದ್ರೂ ಅದನ್ನೇ ಕುಡಿದು ಬಂದೆ."

ಅವಳು ಅವನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ಅಲ್ಲಿಯೇ, ಹೊಸ್ತಿಲಿನಲ್ಲಿ, ಅತ್ತುಬಿಟ್ಟಳು.

"ಯಾಕಕ್ಕ ಹಾಗೆ ಹೇಳಿದೆ? ನನ್ನಿಂದ ನಿನಗಿನ್ನೂ ನಾಚಿಕೆನಾ?"

"ನಾಚಿಕೆ ಅಲ್ವೋ ಪೆದ್ದ. ಬಾಯಿಬಿಟ್ಟು ಹೇಳಿದ್ರೆ ಅದು ಎಲ್ಲಿ ಎದ್ದು ಮತ್ತೆ ಬರುತ್ತೋ ಅಂತ ಭಯ. ಇಷ್ಟು ವರ್ಷ ಒಂದು ದಿನಾನೂ ಅದರ ಹೆಸರು ಎತ್ತಿಲ್ಲ ನಾನು. ಮಲಗಿರೋದನ್ನ ಯಾಕೆ ಎಬ್ಬಿಸ್ಬೇಕು ಅಂತ."

ಪುಟ್ಟ ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತ. "ನಾನು ವಾರವಾರ ಅದರ ಹೆಸರು ಎತ್ತೋಕೆ ಅಂತಲೇ ಹೋಗ್ತೀನಿ ಅಕ್ಕ. ಹೇಳ್ತಾ ಇದ್ರೆನೇ ಅದು ಮಲಗಿರೋದು."

ಮರುದಿನ ಅವಳು ಒಳ್ಳೆಯ ಸೀರೆ ಉಟ್ಟು, "ನಡೀರಿ, ಆ ಮೇಡಂ ಆಫೀಸಿಗೆ," ಎಂದಳು. ಪುಟ್ಟ ತಾನೂ ಬರುತ್ತೇನೆಂದ. "ನೀನು ಬಂದ್ರೆ ಇದನ್ನೂ ನೀನೇ ಹೇಳಿಕೊಟ್ಟೆ ಅಂತಾರೆ. ಸುಮ್ನೆ ಕೆಲಸಕ್ಕೆ ಹೋಗು," ಎಂದು ಅವನನ್ನು ಗದರಿಸಿದಳು.

ಆ ಆಫೀಸಿನಲ್ಲಿ ಕಬ್ಬಿಣದ ಕಪಾಟುಗಳು, ಮೇಜು, ಎರಡು ಕುರ್ಚಿ, ಒಂದು ಫ್ಯಾನು. ಅಷ್ಟೇ. ಅಧಿಕಾರಿ ನಮ್ಮನ್ನು ನೋಡಿ ಆಶ್ಚರ್ಯಪಡಲಿಲ್ಲ. ಕೂರಲು ಹೇಳಿದರು.

"ಬರ್ಕೊಳ್ಳಿ ಮೇಡಂ," ಎಂದಳು ನನ್ನ ಹೆಂಡತಿ. "ನಿನ್ನೆ ನಾನು ಹೇಳಿದ್ದು ಸುಳ್ಳು. ಅವನು ನಮಗೆ ಏನೂ ಹೇಳಿಕೊಟ್ಟಿಲ್ಲ. ಗೊತ್ತಾಗಿದ್ರೆ ನನ್ನ ಬಾಯಿಗೆ ಬೀಗ ಹಾಕ್ತಿದ್ದ. ಔಷಧಿ ಅಂಗಡಿಯವರ ಬಾಯಲ್ಲಿದ್ದ ಸೋಡಾನೂ ನಂದೇ. ಅವರು ಪಾಪದವರು, ಅವರನ್ನ ಏನೂ ಅನ್ನಬೇಡಿ."

ಆಮೇಲೆ, ಯಾರೂ ಕೇಳದಿದ್ದರೂ, ನನಗೂ ಒಮ್ಮೆಯೂ ಹೇಳದಿದ್ದ ಒಂದು ದಿನದ ಕಥೆ ಹೇಳಿದಳು. ಮಧ್ಯಾಹ್ನ ಇವಳು ಅಂಗಡಿಗೆಂದು ಹೊರಟಾಗ ಅವನು ಮೆಟ್ಟಿಲ ಮೇಲೆ ಬಿದ್ದಿದ್ದನಂತೆ, ಎರಡು ಬೂಟುಗಳನ್ನೂ ಎದೆಗವಚಿಕೊಂಡು. ಶಬ್ದವಾದರೆ ಅಕ್ಕನಿಗೆ ಗೊತ್ತಾಗುತ್ತದೆಂದು ಕೆಳಗೇ ಬಿಚ್ಚಿ ಹಿಡಿದುಕೊಂಡು ಹತ್ತಿ ಬಂದಿದ್ದನಂತೆ. ಇವಳು ಸೆರಗು ಒದ್ದೆಮಾಡಿ ಮುಖ ಒರೆಸಿದಾಗ ಕಣ್ಣು ತೆರೆದು ಇವಳನ್ನು "ಅಮ್ಮಾ" ಎಂದನಂತೆ. ಹೆತ್ತ ತಾಯಿಯ ಮುಖವನ್ನೇ ಅವನು ಕಂಡವನಲ್ಲ.

"ಅದಾದ ವಾರವೇ ಅವನು ಆಸ್ಪತ್ರೆಗೆ ಹೋಗಿದ್ದು, ಮೇಡಂ. ನಾನು ಕಳಿಸಿದ್ದಲ್ಲ, ಇವರು ಕಳಿಸಿದ್ದಲ್ಲ. ಅವನೇ ಹೋದ. ಅದನ್ನೂ ಬರ್ಕೊಳ್ಳಿ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ್ದರು. "ಬರ್ಕೋತೀನಿ ಅಮ್ಮ," ಎಂದು ಮತ್ತೆ ಪೆನ್ನು ಹಿಡಿದರು. ಹೊರಡುವಾಗ ಬಾಗಿಲವರೆಗೂ ಬಂದರು. "ನಿರ್ಧಾರ ನನ್ನೊಬ್ಬಳದಲ್ಲ, ಏನಾಗುತ್ತೆ ಅಂತ ಹೇಳಲಾರೆ. ಆದ್ರೆ ನೀವು ಬಂದದ್ದು ಒಳ್ಳೇದಾಯ್ತು."

ಕಾಯುವ ದಿನಗಳು ಬಹಳ ಉದ್ದವಾಗಿದ್ದವು. ವೈದ್ಯರು ಅವನನ್ನು ಪರೀಕ್ಷಿಸಿದರು. ಹಳೆಯ ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ, ಶೆಡ್ಡಿನಲ್ಲಿ ಎಲ್ಲೆಡೆ ವಿಚಾರಿಸಿದರು. ಪುಟ್ಟ ತೇಪೆ ಹಾಕುತ್ತಲೇ ಇದ್ದ. ಕೇಳಿದರೆ, "ಈ ಚೀಲಗಳಿಗೂ ನಾನಂದ್ರೆ ಇಷ್ಟ ಭಾವ, ಬಿಟ್ಟುಕೊಡ್ತಿಲ್ಲ," ಎನ್ನುತ್ತಿದ್ದ. ಆದರೆ ತೆಳ್ಳಗಾಗಿದ್ದ.

ಕೊನೆಗೆ ಅನುಮತಿ ಬಂತು, ಒಂದು ಷರತ್ತಿನೊಂದಿಗೆ. ಎಂದಾದರೂ ಮತ್ತೆ ಕುಡಿದರೆ, ಮೇಜು ಮುಟ್ಟುವ ಮೊದಲು ಅವನೇ ಹೋಗಿ ಮೇಸ್ತ್ರಿಗೆ ಹೇಳಬೇಕು. ಅಕ್ಕನಿಗೆ ಇದು ಅವಮಾನವೆನಿಸಿತು. ಪುಟ್ಟ ಮಾತ್ರ, "ಹೇಳು ಅಂತ ತಾನೇ ಹೇಳಿದ್ದು? ಹೇಳೋಕೆ ಒಬ್ಬರು ಇದ್ದಾರೆ ಅಂದ್ರೆ ಎಷ್ಟು ಹಗುರ ಗೊತ್ತಾ?" ಎಂದ.

ಆ ಹಾಲಿನಲ್ಲಿ ಒಂದು ಪದ್ಧತಿಯಿದೆ. ಪ್ಯಾರಾಚೂಟು ಮಡಿಸುವವನು ಆಗಾಗ ತಾನೇ ಮಡಿಸಿದ್ದನ್ನು ಕಟ್ಟಿಕೊಂಡು ವಿಮಾನದಿಂದ ಹಾರಬೇಕು. ಯಾವುದೆಂದು ಅವನು ಆರಿಸುವಂತಿಲ್ಲ. ಅವನು ಕಟ್ಟಿಟ್ಟವುಗಳಲ್ಲಿ ಮೇಸ್ತ್ರಿ ಯಾವುದನ್ನು ಎತ್ತಿಕೊಡುತ್ತಾರೋ ಅದೇ. ಹಾಗಾಗಿ ಅಲ್ಲಿ ಯಾರೂ ಯಾವ ಮಡಿಕೆಯನ್ನೂ ಉದಾಸೀನದಿಂದ ಮಾಡುವುದಿಲ್ಲ. ಪುಟ್ಟ ಮೊದಲ ಸಲ ಹಾರಿದ ದಿನ ನಾವಿಬ್ಬರೂ ವಾಯುನೆಲೆಯ ಬೇಲಿಯ ಹೊರಗೆ ಹುಲ್ಲಿನಲ್ಲಿ ನಿಂತಿದ್ದೆವು. ವಿಮಾನದ ಹೊಟ್ಟೆಯಿಂದ ಕಪ್ಪು ಚುಕ್ಕೆಗಳು ಉದುರಿದವು. ಅವಳು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಳು. ನಾನೂ ಕಣ್ಣು ಮುಚ್ಚಿ ದೇವರ ಹೆಸರು ಹೇಳತೊಡಗಿದೆ.

"ಇಬ್ಬರೂ ಕಣ್ಣು ಮುಚ್ಚಿದ್ರೆ ನೋಡೋರು ಯಾರ್ರೀ? ಕಣ್ಣು ಬಿಟ್ಟು ಹೇಳಿ, ತೆರೀತಾ?"

"ತೆರೀತು. ಎಲ್ಲವೂ ತೆರೆದವು."

ಅವುಗಳಲ್ಲಿ ಯಾವುದು ನಮ್ಮವನೆಂದು ಅಷ್ಟು ದೂರದಿಂದ ತಿಳಿಯಲಿಲ್ಲ. ಅವಳು ಎಲ್ಲರಿಗೂ ಕೈ ಬೀಸಿದಳು.

ಸ್ವಲ್ಪ ಕುಂಟುತ್ತಾ, ಕೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡು ಬಂದ ಪುಟ್ಟ, "ಭಾವ, ನಿಮ್ಮ ದೇವರ ಹತ್ರಕ್ಕೆ ಹೋಗಿ ಬಂದೆ. ನಿಮ್ಮನ್ನ ವಿಚಾರಿಸಿದ್ರು. ಪ್ರಾರ್ಥನೆ ಸ್ವಲ್ಪ ಚಿಕ್ಕದು ಮಾಡೋಕೆ ಹೇಳು ಅಂದ್ರು," ಎಂದ.

ಆ ಮೇಜಿನಲ್ಲಿ ಅವನು ಕೊನೆಯವರೆಗೂ ಕೆಲಸ ಮಾಡಿದ. ಕ್ವಾರ್ಟರ್ಸ್ ಸಿಕ್ಕ ಮೇಲೆ ಅಲ್ಲಿಯೇ ಒಂಟಿಯಾಗಿ ಇದ್ದ. ಭಾನುವಾರ ತಪ್ಪದೆ ನಮ್ಮಲ್ಲಿಗೆ ಬರುತ್ತಿದ್ದ. ಷರತ್ತಿನ ಪ್ರಕಾರ ಮೇಸ್ತ್ರಿಗೆ ಹೇಳಬೇಕಾದ ಪ್ರಸಂಗ ಅವನಿಗೆ ಒಮ್ಮೆಯೂ ಬರಲಿಲ್ಲ. ಒಂದು ಸಲ ಮಾತ್ರ, ಗ್ರಂಥಾಲಯದ ಕೋಣೆಯ ಹಳೆಯ ಗೆಳೆಯನೊಬ್ಬ ತೀರಿಕೊಂಡಾಗ, ಬೆಳಿಗ್ಗೆ ಹೋಗಿ, "ಕುಡಿದಿಲ್ಲ. ಆದ್ರೆ ಮನಸ್ಸು ಅಲ್ಲೇ ಸುಳೀತಿದೆ. ಇವತ್ತು ನನಗೆ ಮೇಜು ಬೇಡ," ಎಂದನಂತೆ. ಮೇಸ್ತ್ರಿ ಅವನನ್ನು ಮರಳಿನ ಚೀಲ ಹೊಲಿಯಲು ಕೂರಿಸಿ, ಸಂಜೆಯವರೆಗೂ ತಾವೂ ಪಕ್ಕದಲ್ಲಿ ಕುಳಿತರಂತೆ. ಇದನ್ನು ಅವನು ನಮಗೆ ಹೇಳಿರಲಿಲ್ಲ. ಅಂತ್ಯಕ್ರಿಯೆ ಮುಗಿದ ಸಂಜೆ ಮೇಸ್ತ್ರಿಗಳೇ ಹೇಳಿದರು.

ಕೆಲವು ದಿನ ಬಿಟ್ಟು ಮತ್ತೆ ಬಂದಾಗ ಇನ್ನೊಂದು ಮಾತನ್ನೂ ಹೇಳಿದರು. ಪುಟ್ಟ ಕೊನೆಯದಾಗಿ ಕಟ್ಟಿದ ಪ್ಯಾರಾಚೂಟುಗಳು, ಅವನ ಹೆಸರು ಬರೆದ ಚೀಟಿಯೊಂದಿಗೆ, ಇನ್ನೂ ಕಪಾಟಿನಲ್ಲಿದ್ದವು. ಕಟ್ಟಿದವನು ತೀರಿಕೊಂಡಿದ್ದಾನೆ, ಬೇಕಾದರೆ ಬಿಚ್ಚಿಸಿ ಬೇರೆಯವರಿಂದ ಕಟ್ಟಿಸಿಕೊಡುತ್ತೇನೆ ಎಂದು ಅವರು ಹಾರುವ ಹುಡುಗರನ್ನು ಕೇಳಿದರಂತೆ. ಹುಡುಗರು ಬೇಡವೆಂದರು. ಸಾಲಾಗಿ ಬಂದು ಒಂದೊಂದಾಗಿ ಎತ್ತಿಕೊಂಡು ಬೆನ್ನಿಗೇರಿಸಿಕೊಂಡು ಹೋದರು. ಎಲ್ಲರೂ ಕ್ಷೇಮವಾಗಿ ಇಳಿದರು.

ನನ್ನ ಹೆಂಡತಿ ಇದನ್ನು ಕೇಳಿ ಅಳಲಿಲ್ಲ. "ಇನ್ನೊಂದು ಸಲ ಹೇಳಿ," ಎಂದಳು. ಮೇಸ್ತ್ರಿಗಳು ಮೊದಲಿನಿಂದ ಹೇಳಿದರು.

ಈಗ ನನಗೆ ಉಳಿದಿರುವುದು ಬೇಡಿಕೊಳ್ಳುವುದೊಂದೇ. ತಂದೆಯೇ, ಎಲ್ಲರ ಒಳಹೊರಗನ್ನು ಬಲ್ಲವನೇ, ನಿನ್ನ ಬಳಿಗೆ ಬಂದಿರುವ ನಮ್ಮ ಹುಡುಗನನ್ನು ಸೇರಿಸಿಕೋ. ನಿನ್ನಿಂದ ಮರೆಮಾಡಲು ಅವನಲ್ಲಿ ಏನೂ ಇಲ್ಲ. ನೀನು ಕೇಳುವ ಮೊದಲೇ ಎಲ್ಲವನ್ನೂ ಹೇಳಿಬಿಡುತ್ತಾನೆ. ಅವನು ಬಿದ್ದದ್ದನ್ನು ಕ್ಷಮಿಸು, ಎದ್ದದ್ದನ್ನು ನೆನಪಿಡು. ಬಹಳ ದಣಿದಿದ್ದ ಆ ಕೈಗಳಿಗೆ ವಿಶ್ರಾಂತಿ ಕೊಡು. ಹೆತ್ತ ತಾಯಿಯ ಮುಖವನ್ನು ಅವನಿಗೆ ತೋರಿಸು. ಅವನ ಆತ್ಮ ನಿನ್ನಲ್ಲಿ ಶಾಂತವಾಗಿರಲಿ.